ದಾಕ್ಷಾಯಿಣಿ ಹಾಕಿದ ವೆಲ್ಡಿಂಗು

ಸುಟ್ಟ ರಬ್ಬರಿನ ವಾಸನಿ, ಬಿಳೀ ಹೊಗಿ, ಅದರ ನಡುವ ಡ್ರೈವರ್ ಫರಾಜನ ಕಾರು ನಿಂತಲ್ಲೇ ಗಾಲಿ ತಿರುಗಿಸಾಕತ್ತೈತಿ, ಟೈರು ಕಾದರ ನೆಲ ಹಿಡಿತೈತಿ, ಕಾಯಲಿ — ಕಾಲು ಮೈಲಿ ಓಟ, ಹತ್ತು ಸೆಕೆಂಡು, ಅಷ್ಟಕ್ಕ ನಾ ನಾಕು ತಿಂಗಳು ರಾಯಾಪುರದ ಶೆಡ್ಡಿನ್ಯಾಗ ಪೈಪು ಬಗ್ಗಿಸೇನಿ, ಮೊದಲ ಟ್ರ್ಯಾಕ್ಟರ್ ಟ್ರೇಲರ್ ಮಾಡ್ತಿದ್ದೆ, ಆಮ್ಯಾಲ ಇಪ್ಪತ್ತೆರಡು ವರ್ಷ ಈ ಓಟದ ಕಾರಿನ ಚಾಸಿ, ಅಂದ್ರ ಪೈಪಿನ ಹಂದರ, ಎಂಜಿನ್ ಯಾರದರ ಇರಲಿ, ಚಾಸಿ ಮಾತ್ರ ಗುರುಶಿದ್ದಪ್ಪಂದ ಆಗಬೇಕು ಅಂತಿದ್ರು ಮಂದಿ, ಕೇಳಿ ಎದಿ ಉಬ್ಬತಿತ್ತು, ಹೋದ ಮಂಗಳವಾರದ ತನಕಾ. ಮಂಗಳವಾರ, ಡ್ರೈವರನ ತಲಿ ಕಾಯೂ ಪೈಪಿನ ಕಮಾನಿನ ಬುಡಕ್ಕ ಬೆರಳಾಡಿಸಿದೆ, ಉಗುರಿಗೆ ಏನೋ ತಾಗಿತು, ಕೆಂಪು ಬಣ್ಣ ಹಚ್ಚಿ ಒರಿಸಿ ಬಿಳೀ ಪುಡಿ ಹೊಡದೆ, ಬಿರುಕಿದ್ದರ ಕೆಂಪು ಮ್ಯಾಲ ಏಳತೈತಿ — ಎದ್ದಿತು, ಕೂದಲೆಳಿಯಷ್ಟು, ನನ್ನ ಕೈಲೆ ಹಾಕಿದ ವೆಲ್ಡಿಂಗಿನ್ಯಾಗ. ಯಾರಿಗೂ ಕಾಣೂದಿಲ್ಲ, ಪೇಂಟ್ ಬಳದರ ಮುಗೀತು, ಖರೇ ಹೇಳಬೇಕಂದ್ರ ಡಬ್ಬಿ ಮುಚ್ಚಳಾ ತಗದಿದ್ದೆ, ಚಾ ತಂದ ಹೆಂಡ್ತಿ ದಾಕ್ಷಾಯಿಣಿ ಅಲ್ಲೇ ನಿಂತ್ಲು, ಏನ್ರಿ ಅದು ಕೆಂಪಂದು, ಏನಿಲ್ಲ ಹೋಗು, ಏನಿಲ್ಲ ಅಂದ್ರ ಪೇಂಟ್ ಡಬ್ಬಿ ಯಾಕ ತಗದೀರಿ, ನಿಮ್ಮ ಕಣ್ಣು ಮಂಜಾಗಿ ಎರಡು ವರ್ಷಾತು, ನನಗ ಗೊತ್ತಿಲ್ಲೇನು.

ಆಕಿಗೆ ಗೊತ್ತಿತ್ತು, ಹದಿನೈದು ವರ್ಷ ಅದ ಶೆಡ್ಡಿನ್ಯಾಗ ಗೇಟು, ಕಿಡಕಿ ಗ್ರಿಲ್ಲು ವೆಲ್ಡ್ ಮಾಡಿದಾಕಿ, ಒಂದ ಗೆರಿ ಸೊಟ್ಟಾಗಿಲ್ಲ, ಆದರೂ ಓಟದ ಕಾರು ಮುಟ್ಟಾಕ ಕೊಟ್ಟಿದ್ದಿಲ್ಲ ನಾ, ಗೇಟು ಬ್ಯಾರೆ ಇದು ಬ್ಯಾರೆ ಅಂತಿದ್ದೆ, ಎಷ್ಟು ಸಲ ಅಂದೀನೋ. ಡಬ್ಬಿ ಮುಚ್ಚಿ ಫರಾಜಗ ಫೋನ್ ಹಚ್ಚಿದೆ, ತಪ್ಪು ನಂದು, ಕಮಾನು ಕೊಯ್ಯಬೇಕು, ಯಾರು ಜೋಡಸ್ತಾರ ಕಾಕಾ ಅಂದ ಅಂವ, ದಾಕ್ಷಾಯಿಣಿ ಕಡೆ ನೋಡಿ ಅಂದೆ — ನಿಮ್ಮ ಕಾಕು. ವೆಲ್ಡಿಂಗ್ ಹೆಲ್ಮೆಟ್ ಆಕಿ ಕೈಗೆ ಕೊಟ್ಟೆ, ಸೆರಗು ಕಟ್ಟಿ ಕುಂತ್ಲು, ನಾ ಪೈಪು ಹಿಡದು ಅತ್ತ ಮಾರಿ ತಿರುಗಿಸಿ ನಿಂತೆ, ಬೆಂಕಿ ಸಪ್ಪಳಾ ಕೇಳಿದರ ಗೊತ್ತಾಗತೈತಿ, ಒಂದ ಸಮ, ನನ್ನ ಕೈಯಾಗ ಎಂದೂ ಅಷ್ಟು ಸಮ ಬಂದಿದ್ದಿಲ್ಲ, ಹೊಟ್ಟಿಕಿಚ್ಚಾತು, ಸಮಾಧಾನನೂ ಆತು.

ಈಗ ಹಸರು ದೀಪ — ಹೋತು, ನೆಟ್ಟಗ ಹೊಂಟೈತಿ, ನೆಟ್ಟಗ, ಛಲೋ ಹೊಂಟೈತಿ, ಇಲ್ಲ, ಹಿಂದಿನ ಟೈರು ಒಡೀತು, ಗ್ವಾಡಿಗೆ ಹೊಡೀತು, ಒಂದು ಪಲ್ಟಿ, ಎರಡು, ಬೋರಲು ಬಿತ್ತು, ದಾಕ್ಷಾಯಿಣಿ ನನ್ನ ರಟ್ಟಿ ಹಿಡದಾಳ, ಓಡಾಕತ್ತೇವಿ ಇಬ್ಬರೂ, ಬಾಗಿಲು ನಜ್ಜುಗುಜ್ಜು, ಬಾನೆಟ್ ಎಲ್ಲೋ ಹಾರೇತಿ, ಕಮಾನು ಮಾತ್ರ ಹಂಗ ಐತಿ, ಬಗ್ಗಿಲ್ಲ, ಹಂಗ ಐತಿ, ಫರಾಜಾ ಅಂತ ಒದರಾಕತ್ತೇನಿ, ಧೂಳು, ಏನೂ ಕಾಣವಲ್ದು, ಕಾಣತೇತ್ರಿ ನೋಡ್ರಿ ಅಂತಾಳ ಆಕಿ, ಕಾರಿನ ಕಿಡಕಿಗೆ ಕಟ್ಟಿದ ಬಲಿ ಸರಿಸಿ ಒಂದು ಕೈ ಹೊರಗ, ಗ್ಲೌಸಿನ ಕೈ, ಬೆರಳು ಮಡಚತೈತಿ, ಬಿಚ್ಚತೈತಿ, ಕೈ — ಮಡಚತೈತಿ, ಬಿಚ್ಚತೈತಿ, ಆ ಕೈ —