ಹನ್ನೊಂದನೆಯ ಪ್ರಶ್ನೆ

ಅರ್ಜುನಪ್ಪನಂಥ ನಂಬಿಕಸ್ಥ ನೌಕರ ಆ ಕಚೇರಿಯಲ್ಲಿ ಇನ್ನೊಬ್ಬನಿರಲಿಲ್ಲ, ಬೇಕಾದರೆ ಯಾರನ್ನಾದರೂ ಕೇಳಿ. ಸರ್ಕಾರಕ್ಕೆ ಅಂಕಿಅಂಶ ಒದಗಿಸುವ ಕಚೇರಿ ಅದು. ಎಲ್ಲಿ ಶಾಲೆ ಬೇಕು, ಎಲ್ಲಿ ಆಸ್ಪತ್ರೆ ಬೇಕು ಅಂತ ಮೇಲಿನವರು ತೀರ್ಮಾನ ಮಾಡುವುದಕ್ಕೆ ಕೆಳಗಿನವರು ಮನೆಮನೆ ಸುತ್ತಿ ಫಾರಂ ತುಂಬಬೇಕು. ೧೯೭೬ರಲ್ಲಿ ಚಾಮರಾಜಪೇಟೆಯ ಹಿಂದಿನ ಗಲ್ಲಿಗಳು ಅರ್ಜುನಪ್ಪನ ಪಾಲಿಗೆ ಬಂದವು. ಅವನು ಹುಟ್ಟಿ ಬೆಳೆದ ಗಲ್ಲಿಗಳೇ ಅವು. ಅಲ್ಲಿನ ತರಕಾರಿ ಮಾರುವ ಹೆಂಗಸರೆಲ್ಲ ಅವನಿಗೆ ಅಕ್ಕ, ತಂಗಿ, ಇಲ್ಲವೇ ನಾದಿನಿ.

ಫಾರಂನಲ್ಲಿ ಇಪ್ಪತ್ತು ಪ್ರಶ್ನೆ. ಹತ್ತನೆಯದು, ಬದುಕಿರುವ ಮಕ್ಕಳೆಷ್ಟು. ಹನ್ನೊಂದನೆಯದು, ಹುಟ್ಟಿ ತೀರಿಕೊಂಡವೆಷ್ಟು. ಹತ್ತರ ತನಕ ಸರಾಗ. ಹನ್ನೊಂದಕ್ಕೆ ಬಂದರೆ ಅವನ ನಾಲಗೆಯೇ ಏಳುತ್ತಿರಲಿಲ್ಲ. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋದ ಕೂಸಿನ ಮಾತನ್ನು ಆ ಗಲ್ಲಿಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಮುಂದೆ ಹುಟ್ಟುವ ಕೂಸೂ ಉಳಿಯುವುದಿಲ್ಲ ಅನ್ನುವ ಭಯ. ಅವನ ಹೆಂಡತಿ ಲಕ್ಕಮ್ಮನೇ ಅಂಥ ಎರಡನ್ನು ಕಳೆದುಕೊಂಡ ಮೇಲೆ ಮಗಳು ಅಣ್ಣಮ್ಮ ಹುಟ್ಟಿದ್ದು. ಇಪ್ಪತ್ತು ವರ್ಷವಾದರೂ ಗಂಡಹೆಂಡಿರ ನಡುವೆ ಆ ಮಾತು ಬಂದಿರಲಿಲ್ಲ. ಹಾಗಿರುವಾಗ ಬೆಳ್ಳಂಬೆಳಿಗ್ಗೆ ಸೊಪ್ಪಿನ ಕಟ್ಟು ಕಟ್ಟುತ್ತ ಕೂತ ಮುನಿಲಕ್ಷ್ಮಮ್ಮನನ್ನು ಹೇಗೆ ಕೇಳುವುದು?

"ಎಷ್ಟು ಮಕ್ಳಮ್ಮ ನಿಂಗೆ?"

"ಮೂರು ಕಣಣ್ಣ. ನಿಂಗೊತ್ತಿಲ್ವಾ?"

ಗೊತ್ತಿತ್ತು. ಇನ್ನೆರಡನ್ನು ಬಟ್ಟೆಯಲ್ಲಿ ಸುತ್ತಿ ಒಯ್ದವರ ಜೊತೆ ಅವನೂ ನಡೆದಿದ್ದ. ಆದರೂ ಹನ್ನೊಂದರ ಎದುರು ಸೊನ್ನೆ ಬರೆದ. ಮುನ್ನೂರು ಮನೆಗೂ ಇದೇ ಕಥೆ. ಬೇರೆ ಇಲಾಖೆಯಿಂದ ವರ್ಗವಾಗಿ ಬಂದಿದ್ದ ಶ್ರೀನಿವಾಸಯ್ಯನಿಗೂ ಅದನ್ನೇ ಕಲಿಸಿದ.

"ಹನ್ನೊಂದನೇದು ಕೇಳ್ಬೇಡಿ. ಸೊನ್ನೆ ಹಾಕ್ಬಿಟ್ಟು ಮುಂದಕ್ಕೆ ಹೋಗಿ. ಹೆತ್ತೋರ ಹೊಟ್ಟೆ ಉರಿಸ್ಬಾರ್ದು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಪಾಪ. ಆ ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕ!

ಎರಡು ವರ್ಷದ ಮೇಲೆ ದಪ್ಪ ರಟ್ಟಿನ ವರದಿ ಬಂತು. ದೊಡ್ಡ ದೊಡ್ಡ ಓದು ಓದಿದವರು ಕೂಡಿಸಿ ಕಳೆದು ಕಂಡುಹಿಡಿದದ್ದೇನು? ಊರಿಗೆಲ್ಲ ಕೂಸುಗಳು ಕಡಿಮೆ ಸಾಯುವುದು ಆ ಗಲ್ಲಿಗಳಲ್ಲಿ! ಗಲ್ಲಿಯ ತುದಿಯಲ್ಲಿ ನಾಲ್ಕು ಮಂಚದ ಹೆರಿಗೆ ಆಸ್ಪತ್ರೆಯೊಂದಿತ್ತು. ಅಗತ್ಯ ಇಲ್ಲದ ಕಡೆ ಅದೇಕೆ, ಊರಾಚೆಯ ಬಡಾವಣೆಗೆ ಸಾಗಿಸಿ ಅಂತ ಆದೇಶವಾಯಿತು. ಆಗ ಅಣ್ಣಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹದಿನೈದು ದಿನವಾಗಿತ್ತು. ಅರ್ಜುನಪ್ಪ ಬೆವರುತ್ತ ಸಾಹೇಬರ ಮುಂದೆ ನಿಂತ.

"ಆ ಲೆಕ್ಕ ತಪ್ಪು ಸಾರ್. ನಾನು ಕೇಳ್ದೇನೇ ಬರ್ದಿದೀನಿ."

"ಏನ್ರೀ, ತಮಾಷೆನಾ? ಮುನ್ನೂರು ಫಾರಂಗೂ ನಿಮ್ಮದೇ ಸೈನು! ಹಾಗಿದ್ರೆ ಬರ್ದು ಕೊಡಿ, ಮೇಲಕ್ಕೆ ಕಳಿಸ್ತೀನಿ. ನಿಮ್ಮ ಕೆಲಸ ಹೋಗುತ್ತೆ, ನನ್ನನ್ನ ಬೈಬೇಡಿ."

ಬರೆದ. ಮಡಿಸಿ ಷರ್ಟಿನ ಜೇಬಿಗೂ ಹಾಕಿಕೊಂಡ. ನಾಳೆ ಕೊಟ್ಟರಾಯಿತು, ಸೋಮವಾರ ಕೊಟ್ಟರಾಯಿತು ಅಂತ ಮೂರು ವಾರ ತಳ್ಳಿದ. ಕೆಲಸ ಹೋದರೆ ಬಾಣಂತಿಗೆ ಏನು ಹಾಕುವುದು ಅನ್ನುವುದೊಂದು ನೆಪ. ಅಷ್ಟರಲ್ಲಿ ಆಸ್ಪತ್ರೆಯ ಮಂಚಗಳು ಲಾರಿ ಹತ್ತಿದವು. ಒಂದು ಮಧ್ಯಾಹ್ನ ಅಣ್ಣಮ್ಮನಿಗೆ ನೋವು ಬಂತು. ಗಲ್ಲಿಯ ತುದಿಯ ಆಸ್ಪತ್ರೆಯ ಬಾಗಿಲಿಗೆ ಬೀಗ. ಊರಾಚೆಯ ಆಸ್ಪತ್ರೆಗೆ ಹೊರಟ ಆಟೋ ಮಾರ್ಕೆಟ್ಟಿನ ಗಾಡಿಗಳ ನಡುವೆ ಸಿಕ್ಕಿಕೊಂಡು, ಅಲ್ಲೇ ಲಕ್ಕಮ್ಮನ ಮಡಿಲಲ್ಲಿ ಗಂಡುಮಗು ಹುಟ್ಟಿತು. ಅರ್ಜುನಪ್ಪ ಪಕ್ಕದಲ್ಲಿ ಓಡುತ್ತ ದಾರಿ ಬಿಡಿ, ದಾರಿ ಬಿಡಿ ಅಂತ ಕೂಗುತ್ತಿದ್ದ. ಕಾಗದ ಆಗಲೂ ಜೇಬಿನಲ್ಲೇ ಇತ್ತು. ಮಗು ಮೂರು ದಿನ ಉಸಿರಾಡಿತು.

೧೯೮೨ರಲ್ಲಿ ಮತ್ತೆ ಸರ್ವೆ ಬಂತು. ಇಷ್ಟು ವರ್ಷ ಅರ್ಜುನಪ್ಪ ಕಾದದ್ದು ಇದೊಂದಕ್ಕೇ. ಗಲ್ಲಿಯ ಸಾವುಗಳು ಈ ಸಲವಾದರೂ ಕಾಗದಕ್ಕೆ ಬಂದರೆ ಆಸ್ಪತ್ರೆ ತಿರುಗಿ ಬಂದೀತು. ಈ ಸಲ ಗಲ್ಲಿ ಶ್ರೀನಿವಾಸಯ್ಯನ ಪಾಲಿಗೆ ಬಿದ್ದಿತ್ತು. ಅಳಿಯನಿಗೆ ಹತ್ತಿರದ ಬಳೇಪೇಟೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಅಣ್ಣಮ್ಮನೂ ತವರಲ್ಲೇ ಇದ್ದಳು. ಮತ್ತೆ ನಾಲ್ಕು ತಿಂಗಳ ಬಸುರಿ.

"ಮಕ್ಕಳೆಷ್ಟಮ್ಮ?" ಅಂದ, ಫಾರಂ ಹಿಡಿದು ಅರ್ಜುನಪ್ಪನ ಮನೆಗೆ ಬಂದ ಶ್ರೀನಿವಾಸಯ್ಯ.

"ಇಲ್ಲ," ಅಂದಳು ಅಣ್ಣಮ್ಮ.

ಅವನ ಪೆನ್ನು ಹನ್ನೊಂದರ ಎದುರಿಗೆ ಸೊನ್ನೆ ಸುತ್ತಲು ಹೊರಟಿತು. ಅರ್ಜುನಪ್ಪ ಆ ಕೈ ಹಿಡಿದ.

"ಕೇಳ್ರೀ ಅದನ್ನ."

"ಬೇಡ ಬಿಡಿ ಅರ್ಜುನಪ್ಪನೋರೆ. ನೀವೇ ತಾನೆ ಹೇಳ್ಕೊಟ್ಟಿದ್ದು?"

"ನಾನೇ ಹೇಳ್ತಿದೀನಿ, ಬರ್ಕೊಳ್ಳಿ. ಇವಳಿಗೆ ಒಂದು ಗಂಡುಮ..."

"ಅಯ್ಯೋ, ಬಾಯಿ ಮುಚ್ರೀ! ಮಗಳು ಬಸುರಿ ಅನ್ನೋ ಜ್ಞಾನ ಬೇಡ್ವಾ?" ಒಳಗಿನಿಂದ ಓಡಿಬಂದ ಲಕ್ಕಮ್ಮ ಚೀರಿದಳು.

ಅಣ್ಣಮ್ಮ ಎರಡೂ ಕೈಯಲ್ಲಿ ಹೊಟ್ಟೆ ಮುಚ್ಚಿಕೊಂಡು ಅಪ್ಪನ ಮುಖ ನೋಡಿದಳು.

"ನಿನ್ ಕಾಲಿಗೆ ಬೀಳ್ತೀನಪ್ಪಾ, ಹೇಳ್ಬೇಡ. ಇದನ್ನಾದ್ರೂ ಉಳಿಸ್ಕೋತೀನಿ. ನಂಗ್ಯಾವ ಮಗೂನೂ ಹುಟ್ಟಿರ್ಲಿಲ್ಲ."

ಅರ್ಜುನಪ್ಪನ ಹಿಡಿತ ಸಡಿಲವಾಯಿತು. ಶ್ರೀನಿವಾಸಯ್ಯ ತಲೆ ತಗ್ಗಿಸಿ ಸೊನ್ನೆ ಸುತ್ತಿದ. ಆಮೇಲೆ ಹನ್ನೆರಡನೆಯ ಪ್ರಶ್ನೆ ಕೇಳಿದ.

"ಮನೇಲಿ ನಲ್ಲಿ ಇದೆಯಾ?"