ಮಂಗಟ್ಟೆ ಹಕ್ಕಿಗೊಂದು ವಾದ್ಯವೃಂದ

ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯಲ್ಲಿ ತನ್ಮಯ್ ಎಂಬ ಹುಡುಗ ಫೋನು ಮಾಡಿ, "ನಿಮ್ಮ ಹತ್ರ ಆರ್ಕೆಸ್ಟ್ರಾ ಇದೆಯಂತಲ್ಲ?" ಎಂದು ಕೇಳಿದಾಗ ಸುರೇಂದ್ರ ಹೌದೆಂದ. ಹೇಳಿದ್ದು ಸುಳ್ಳೇನಲ್ಲ. ಆದರೆ ತನ್ಮಯ್ ಕೇಳಿದ ಆರ್ಕೆಸ್ಟ್ರಾವೇ ಬೇರೆ, ಸುರೇಂದ್ರನ ಹತ್ತಿರ ಇದ್ದ ಆರ್ಕೆಸ್ಟ್ರಾವೇ ಬೇರೆ.

ಸುರೇಂದ್ರನದು ಗಿರಿಧ್ವನಿ ಆರ್ಕೆಸ್ಟ್ರಾ. ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ ಎಂದು ಎಲ್ಲಿ ಮದುವೆ, ಎಲ್ಲಿ ಗಣಪತಿ ಪೆಂಡಾಲು ಇದ್ದರೂ ಹೋಗಿ ಸಿನಿಮಾ ಹಾಡು ಹೇಳಿ ಬರುವ ತಂಡ. ಕೀಬೋರ್ಡು ಅವನದು, ಹಾಡು ಅವನ ಹೆಂಡತಿ ಪವಿತ್ರಾಳದು. ಕಾಲೇಜಿಗೆ ಹೋಗುತ್ತಿದ್ದ ನಿಖಿತಾ ಎರಡನೆಯ ಗಾಯಕಿ. ಢೋಲಕ್ ಬಾರಿಸುವ ದಾಸಯ್ಯ ಎಲ್ಲರಿಗಿಂತ ಹಿರಿಯ. ಹಗಲು ಹೊತ್ತು ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ದುಡಿಯುತ್ತಿದ್ದ.

ತನ್ಮಯ್ ವಸ್ತಾರೆ ಕಡೆಯ ಎಸ್ಟೇಟ್ ಮನೆತನದವನು. ತಂದೆಯ ಹಳೆಯ ಕಾಫಿ ಗೋಡೌನಿನಲ್ಲಿ ಕಂಪ್ಯೂಟರುಗಳನ್ನಿಟ್ಟುಕೊಂಡು ಇಬ್ಬರು ಗೆಳೆಯರ ಜೊತೆ ವಿಡಿಯೋ ಗೇಮ್ ತಯಾರಿಸುತ್ತಿದ್ದ. ಗೇಮಿನಲ್ಲಿ ಒಬ್ಬಳು ಹುಡುಗಿ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯ ಬೆನ್ನೇರಿ, ಮೋಡ ಸೀಳಿಕೊಂಡು ಗುಡ್ಡದಿಂದ ಗುಡ್ಡಕ್ಕೆ ಹಾರುತ್ತಾಳೆ. ಆ ಹಾರಾಟಕ್ಕೆ ಅವನಿಗೆ ಸಂಗೀತ ಬೇಕಿತ್ತು.

ಸುರೇಂದ್ರ ದಾಸಯ್ಯನನ್ನೂ ಢೋಲಕ್ಕನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಗೋಡೌನಿಗೆ ಹೋದ. ತನ್ಮಯ್ ಢೋಲಕ್ಕನ್ನು ಒಮ್ಮೆ ನೋಡಿ, ವಿದೇಶದ ಯಾವುದೋ ದೊಡ್ಡ ವಾದ್ಯವೃಂದದ ರೆಕಾರ್ಡಿಂಗ್ ಹಾಕಿದ. ಪಿಟೀಲುಗಳು ಒಟ್ಟಾಗಿ ಎದ್ದವು, ಕಹಳೆಗಳು ಮೊಳಗಿದವು, ಗೋಡೌನಿನ ತಗಡೆಲ್ಲ ಗುಂಯ್‌ಗುಟ್ಟಿತು.

"ಇಂಥ ಆರ್ಕೆಸ್ಟ್ರಾ ಬೇಕು," ಎಂದ ತನ್ಮಯ್.

"ಎಷ್ಟ್ ಜನ ಇದಾರೆ ಇದ್ರಲ್ಲಿ?" ಸುರೇಂದ್ರ ಕೇಳಿದ.

"ಎಂಬತ್ತು ಇರ್ಬಹುದು."

ದಾಸಯ್ಯ ಸುರೇಂದ್ರನ ಕಡೆ ತಿರುಗಿ, "ಎಂಬತ್ ಜನಕ್ಕೆ ಊಟ ಹಾಕೋರು ಯಾರು ಮಾರಾಯ?" ಎಂದ.

ತನ್ಮಯ್ ನಕ್ಕುಬಿಟ್ಟ. "ಜನ ಬೇಡ ದಾಸಯ್ಯ. ಈ ಡಿಸ್ಕುಗಳಲ್ಲಿ ಒಂದೊಂದು ವಾದ್ಯದ ಒಂದೊಂದು ಸ್ವರಾನೂ ನಿಜವಾದ ವಾದಕರು ನುಡಿಸಿ ರೆಕಾರ್ಡ್ ಮಾಡಿಟ್ಟಿದಾರೆ. ಸುರೇಂದ್ರಣ್ಣ ಕೀಬೋರ್ಡ್ ಒತ್ತಿದ್ರೆ ಆ ಸ್ವರ ಕಂಪ್ಯೂಟರಿಂದ ಬರುತ್ತೆ. ಒತ್ತಿ ನೋಡಿ."

ಸುರೇಂದ್ರ ಕೀಬೋರ್ಡಿನ ಒಂದು ಮನೆ ಒತ್ತಿದ. ಅವನ ಒಂದು ಬೆರಳಿಗೆ ಒಂದು ಪಿಟೀಲು ಸೈನ್ಯವೇ ಉತ್ತರ ಕೊಟ್ಟಿತು. ಇಂಥ ಸಂಗೀತ ತನಗೆ ಬಾರದು ಎಂದು ಹೇಳಬೇಕೆಂದಿದ್ದವನು ಆ ಮಾತನ್ನು ಹಾಗೇ ನುಂಗಿಕೊಂಡ. ಸಂಜೆ ತನ್ಮಯ್‌ನ ಜೀಪಿನಲ್ಲಿ ಒಂದು ಕಂಪ್ಯೂಟರು ಸುರೇಂದ್ರನ ಬಾಡಿಗೆ ಮನೆಯ ಮಹಡಿ ಹತ್ತಿತು.

ಜೂನಿನಲ್ಲಿ ಮಳೆ ಹಿಡಿಯಿತು. ಮಳೆಗಾಲದಲ್ಲಿ ಗಿರಿಧ್ವನಿಗೆ ಕಾರ್ಯಕ್ರಮಗಳಿರಲಿಲ್ಲ. ಸುರೇಂದ್ರ ಕಂಪ್ಯೂಟರಿನ ಮುಂದೆಯೇ ಕೂತ. ಹಕ್ಕಿ ರೆಕ್ಕೆ ಬಿಚ್ಚುವಾಗ ಕೊಳಲು, ಮೋಡದೊಳಗೆ ನುಗ್ಗುವಾಗ ಪಿಟೀಲು, ಮೂರನೇ ಗುಡ್ಡ ಕಾಣುವಾಗ ಎಲ್ಲ ವಾದ್ಯಗಳೂ. ರಾಗ ತಾನಾಗಿಯೇ ಬಂತು. ಕೊಳಲು, ಪಿಟೀಲು, ಕಹಳೆ, ಎಲ್ಲವನ್ನೂ ಒಂದರ ಮೇಲೊಂದು ತಾನೇ ನುಡಿಸಿ ಸೇರಿಸಿದ. ಬೆರಳು ಒಂಚೂರು ಹಿಂದೆಮುಂದಾದ ಕಡೆ ಕಂಪ್ಯೂಟರು ಎಲ್ಲ ಸ್ವರಗಳನ್ನೂ ತಾಳಕ್ಕೆ ಸರಿಯಾಗಿ ಸಾಲು ನಿಲ್ಲಿಸಿಕೊಡುತ್ತಿತ್ತು. ತಪ್ಪೇ ಇರಲಿಲ್ಲ.

ತನ್ಮಯ್ ಬಂದು ಕೇಳಿದ. ಕೇಳಿ ಮುಗಿದ ಮೇಲೆ ತಲೆ ಕೆರೆದುಕೊಂಡ.

"ಟ್ಯೂನ್ ತುಂಬಾ ಚೆನ್ನಾಗಿದೆ ಸುರೇಂದ್ರಣ್ಣ. ಆದ್ರೆ ಬೇಜಾರ್ ಮಾಡ್ಕೋಬೇಡಿ. ತೆಗೆದ್ರೆ ಮ್ಯೂಸಿಕ್ ಬರೋ ಗ್ರೀಟಿಂಗ್ ಕಾರ್ಡ್ ಇರುತ್ತಲ್ಲ, ಹಾಗ್ ಕೇಳುತ್ತೆ."

ಬೇಜಾರಾಗದೆ ಇರುತ್ತದೆಯೇ? ತನ್ಮಯ್ ಹೋದ ಮೇಲೆ ಸುರೇಂದ್ರ ಅದನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೂತ. ಒಳಗೆ ಪವಿತ್ರಾ ಕೆಂಡದ ಮೇಲೆ ಬುಟ್ಟಿ ಕವುಚಿ ಅದರ ಮೇಲೆ ಒದ್ದೆ ಬಟ್ಟೆ ಒಣಗಿಸುತ್ತಾ ಕೊಳಲಿನ ಜೊತೆ ತಾನೂ ಹಾಡಿಕೊಳ್ಳುತ್ತಿದ್ದಳು. ಕೊಳಲು ನಿಲ್ಲದೆ ಎಳೆಯುತ್ತಾ ಹೋಯಿತು, ಅವಳೂ ಹೋದಳು. ಕೊಳಲು ಇನ್ನೂ ಹೋಯಿತು. ಪವಿತ್ರಾ ಮುಖ ಕೆಂಪು ಮಾಡಿಕೊಂಡು ಎಳೆದಳು, ಎಳೆದಳು, ಕೊನೆಗೆ ಕೆಮ್ಮುತ್ತಾ ನಗುತ್ತಾ ಬಾಗಿಲಿಗೆ ಬಂದಳು.

"ರೀ, ನಿಮ್ ಕೊಳಲಿನವ್ನು ಉಸಿರೇ ತಗೊಳ್ಳಲ್ವಾ? ಪಾಪ, ಸತ್ತೇ ಹೋಗ್ತಾನೆ!"

ಸುರೇಂದ್ರ ಅವಳನ್ನೇ ನೋಡಿದ. "ಇನ್ನೊಂದ್ಸಲ ಹಾಡು. ಎಲ್ಲಿ ಉಸಿರು ಬೇಕೋ ಅಲ್ಲಿ ನಿಲ್ಸು."

ಅವಳು ಹಾಡಿದಳು. ಅವಳು ನಿಂತಲ್ಲೆಲ್ಲ ಅವನು ಕೊಳಲನ್ನು ನಿಲ್ಲಿಸಿದ. ಮತ್ತೆ ಹಾಕಿದಾಗ ಕಂಪ್ಯೂಟರಿನೊಳಗೆ ಯಾರೋ ಒಬ್ಬ ಮನುಷ್ಯ ಕೂತು ಊದುತ್ತಿದ್ದ! ಆದರೆ ಅವನೊಬ್ಬನೇ, ಸುತ್ತಲಿನ ಉಳಿದ ವಾದ್ಯಗಳೆಲ್ಲ ಇನ್ನೂ ಗ್ರೀಟಿಂಗ್ ಕಾರ್ಡೇ.

"ಕೊಳಲು ಈಗ ನಿನ್ನ ಥರ ಇದೆ," ಎಂದ ಸುರೇಂದ್ರ. "ಮಿಕ್ಕಿದ್ದೆಲ್ಲಾ ನಾನೊಬ್ನೇ. ಎಲ್ಲಾ ನನ್ ಕೈ."

"ಹಾಗಾದ್ರೆ ಎಲ್ರನ್ನೂ ಕರೀರಿ. ಮಳೇಲಿ ಅವ್ರಿಗೂ ಏನ್ ಕೆಲ್ಸ ಇದೆ?"

ಭಾನುವಾರ ಎಲ್ಲರೂ ಬಂದರು. ಪಿಟೀಲು ನಿಖಿತಾಗೆ ಹೋಯಿತು. ದಾಸಯ್ಯನಿಗೆ ಡಬಲ್ ಬಾಸ್, ಅಂದರೆ ಆಳೆತ್ತರದ, ಹೊಟ್ಟೆಯೊಳಗಿಂದ ಮಾತಾಡುವಂಥ ಪಿಟೀಲು. ಹೆಂಗಸರಿಬ್ಬರಿಗೂ ಕೀಬೋರ್ಡು ಅಷ್ಟಿಷ್ಟು ಬರುತ್ತಿತ್ತು, ಅವನಿಗೆ ಬಾರದು. ಸುರೇಂದ್ರ ಅವನು ಒತ್ತಬೇಕಾದ ಮನೆಗಳ ಮೇಲೆ ಪವಿತ್ರಾಳ ಬಿಂದಿ ಅಂಟಿಸಿಕೊಟ್ಟ.

"ಈ ವಯಸ್ಸಲ್ಲಿ ನಂಗೆ ಬಿಂದಿ ಇಡ್ಸಿದ್ಯಲ್ಲ ಮಾರಾಯ," ಎಂದು ದಾಸಯ್ಯ ಒಂದೇ ಬೆರಳು ಚಾಚಿ ಕೂತ.

ಶುರು ಮಾಡಿದ್ದೇ ತಡ, ಕರೆಂಟು ಹೋಯಿತು.

ಕಾಯುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಪವಿತ್ರಾ ಕೊಳಲಿನ ಭಾಗವನ್ನು ಬಾಯಲ್ಲೇ ಎತ್ತಿಕೊಂಡಳು. ನಿಖಿತಾ ಪಿಟೀಲಿನದು ಹಿಡಿದಳು. ಸುರೇಂದ್ರ ಮುಷ್ಟಿ ಬಾಯಿಗಿಟ್ಟುಕೊಂಡು ಕಹಳೆಯಾದ. ದಾಸಯ್ಯ ಕಣ್ಣು ಮುಚ್ಚಿ ಎದೆಯಾಳದಿಂದ 'ಊಂ... ಊಂ...' ಎಂದ. ಪವಿತ್ರಾ ಬಂದಾಗ ನಿಖಿತಾ ತಾನಾಗಿಯೇ ದನಿ ತಗ್ಗಿಸಿದಳು. ಮೂರನೇ ಗುಡ್ಡ ಬರುವ ಹೊತ್ತಿಗೆ, ಯಾರೂ ಹೇಳದಿದ್ದರೂ, ಎಲ್ಲರೂ ಒಂಚೂರು ನಿಧಾನಿಸಿ, ಒಟ್ಟಿಗೆ ಉಬ್ಬಿ ಮೇಲೆ ಹೋದರು. ದಾಸಯ್ಯ ಮಾತ್ರ ಒಂದು ಕ್ಷಣ ತಡವಾಗಿ ಬಂದ. ಅವನು ಬಂದದ್ದೇ ಇಡೀ ಹಾಡಿಗೆ ನೆಲ ಸಿಕ್ಕಂತಾಯಿತು. ಕೆಳಗಿನ ಮನೆಯ ಸರೋಜಮ್ಮ ಮೆಟ್ಟಿಲ ಬಳಿ ಬಂದು, "ಏನಾಯ್ತ್ರೋ, ಯಾರಿಗ್ ಹುಷಾರಿಲ್ಲ?" ಎಂದು ಕೂಗಿದರು. ಹಾಡು ನಗೆಯಲ್ಲಿ ಮುಳುಗಿತು.

ಕರೆಂಟು ಬಂದಾಗ ಸುರೇಂದ್ರ, "ಈಗ ಬಾಯಲ್ ಹಾಡಿದ್ರಲ್ಲ, ಹಾಗೇ ನುಡ್ಸಿ. ಬೇರೇನೂ ಬೇಡ," ಎಂದ. ಒಬ್ಬೊಬ್ಬರಾಗಿ ಕೂತು ತಮ್ಮ ತಮ್ಮ ಭಾಗ ನುಡಿಸಿದರು. ದನಿ ಏರಿಸಲು, ಇಳಿಸಲು ಕೀಬೋರ್ಡಿನ ಪಕ್ಕದಲ್ಲಿ ಒಂದು ಪುಟ್ಟ ಚಕ್ರವಿತ್ತು. ಪವಿತ್ರಾ ಮೈಕನ್ನು ಬಾಯಿಗೆ ಹತ್ತಿರ ತಂದು ದೂರ ಒಯ್ಯುವ ಹಾಗೆಯೇ ಎಡಗೈಯಲ್ಲಿ ಅದನ್ನು ಆಡಿಸಿದಳು. ಹಿಂದೆಮುಂದಾದದ್ದನ್ನು ಸುರೇಂದ್ರ ಈ ಸಲ ಕಂಪ್ಯೂಟರಿಗೆ ತಿದ್ದಲು ಬಿಡಲಿಲ್ಲ. ಒಂದೇ ಪಿಟೀಲಿನ ಸಾಲನ್ನು ನಿಖಿತಾ ಒಮ್ಮೆ, ಪವಿತ್ರಾ ಒಮ್ಮೆ, ತಾನೊಮ್ಮೆ ನುಡಿಸಿ ಒಟ್ಟಿಗೆ ಕೇಳಿದಾಗ, ಸಣ್ಣಸಣ್ಣ ವ್ಯತ್ಯಾಸಗಳೆಲ್ಲ ಸೇರಿಕೊಂಡು ಒಂದು ದೊಡ್ಡ ಹಾಲಿನ ತುಂಬ ಜನ ಕೂತಂತಾಯಿತು.

ತನ್ಮಯ್ ಮತ್ತೆ ಬಂದ. ಈ ಸಲ ಕೇಳುತ್ತಾ ಕೇಳುತ್ತಾ ಕುರ್ಚಿಯ ತುದಿಗೆ ಸರಿದ.

"ಎಲ್ಲಿ ಮಾಡಿಸಿದ್ರಿ ಇದನ್ನ?"

"ಇಲ್ಲೇ. ಅಡಿಗೆಮನೆ ಪಕ್ಕ," ಎಂದಳು ಪವಿತ್ರಾ.

"ಇನ್ನೊಂದ್ಸಲ ಹಾಕಿ, ಪ್ಲೀಸ್."

ಡಿಸೆಂಬರಿನಲ್ಲಿ, ಎಸ್ಟೇಟಿನಲ್ಲಿ ಕಾಫಿ ಹಣ್ಣು ಬಿಡಿಸುವ ಕೆಲಸ ಶುರುವಾಗಿದ್ದಾಗ, ಗೇಮು ಸಿದ್ಧವಾಯಿತು. ತನ್ಮಯ್ ಜೀಪು ಕಳಿಸಿ ಎಲ್ಲರನ್ನೂ ಗೋಡೌನಿಗೆ ಕರೆಸಿಕೊಂಡ. ದಾಸಯ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೆಂಡತಿ ಭಾಗಮ್ಮನನ್ನೂ ಕರೆತಂದಿದ್ದ. ಗೋಡೆಯ ಮೇಲೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರಿನಲ್ಲಿ ಚಿತ್ರ ಬಿಟ್ಟಿದ್ದರು. ಮೊದಲು ಆಡುವ ಮರ್ಯಾದೆ ಪವಿತ್ರಾಳಿಗೆ ಸಿಕ್ಕಿತು.

ಅವಳಿಗೆ ಆಡಲು ಬರುತ್ತಿರಲಿಲ್ಲ. ಕೊಳಲು ಶುರುವಾಗುತ್ತಿತ್ತು, ಹಕ್ಕಿ ರೆಕ್ಕೆ ಬಿಚ್ಚುತ್ತಿತ್ತು, ಹೋಗಿ ಬಂಡೆಗೆ ಬಡಿಯುತ್ತಿತ್ತು. ಮತ್ತೆ ಕೊಳಲು, ಮತ್ತೆ ಬಂಡೆ. ನಿಖಿತಾಳ ಪಿಟೀಲಿನವರೆಗೂ ಸಂಗೀತ ಹೋಗಲೊಲ್ಲದು. ದಾಸಯ್ಯನ ಬಾಸ್ ಬರುವುದು ಮೂರನೇ ಗುಡ್ಡದಲ್ಲಿ.

"ತಾಯೀ, ಸ್ವಲ್ಪ ಎತ್ತಿ ಹಾರ್ಸಮ್ಮ," ಎಂದು ಅವನು ಕೂತಲ್ಲೇ ಕತ್ತೆತ್ತಿ ಹಕ್ಕಿಗೆ ದಾರಿ ತೋರಿಸುತ್ತಿದ್ದ. "ಭಾಗಮ್ಮನ್ನ ಅಷ್ಟು ದೂರದಿಂದ ಕರ್ಕೊಂಡ್ ಬಂದಿದೀನಿ."

ಕೊನೆಗೊಮ್ಮೆ ಪವಿತ್ರಾ ಬಂಡೆ ದಾಟಿದಳು. ಹಕ್ಕಿ ಮೋಡದೊಳಕ್ಕೆ ನುಗ್ಗಿತು, ಪಿಟೀಲುಗಳು ಸುತ್ತಿಕೊಂಡವು. ಮೋಡ ಹರಿದು ಮೂರನೇ ಗುಡ್ಡ ಬಿಸಿಲಲ್ಲಿ ಬೆಳಗಿದಾಗ ಎಲ್ಲ ವಾದ್ಯಗಳೂ ಉಬ್ಬಿ ಎದ್ದವು. ಒಂದು ಕ್ಷಣ ತಡವಾಗಿ, ನೆಲವೇ ಹಾಡಿದಂತೆ, ಬಾಸ್ ಬಂತು.

"ಇದಾ ನಿಮ್ದು?" ಭಾಗಮ್ಮ ಗಂಡನ ತೋಳು ಹಿಡಿದು ಕೇಳಿದಳು.

"ಹೂಂ."

"ಚೆನ್ನಾಗೈತೆ ಕಣ್ರೀ. ಎದೇಲ್ ಕೇಳ್ತದೆ."

ದಾಸಯ್ಯನ ಮುಖವೆಲ್ಲ ಅರಳಿಹೋಗಿತ್ತು. ಸುರೇಂದ್ರ ಪರದೆ ಬಿಟ್ಟು ಆ ಮುಖವನ್ನೇ ನೋಡುತ್ತಾ ನಿಂತ.

"ಅಕ್ಕಾ, ಈಗ ಕೆಳಗಿನ ಬಾಣದ ಗುರುತು ಒತ್ತಿ," ಎಂದ ತನ್ಮಯ್. "ಹಕ್ಕಿ ಇಳಿಯುತ್ತೆ. ನೀವು ಗೆದ್ದ ಹಾಗೆ."

"ಇಳಿದ್ರೆ ಮ್ಯೂಸಿಕ್ ನಿಂತ್ಹೋಗುತ್ತಾ?"

"ಹೌದು."

"ಹಾಗಾದ್ರೆ ಗೆಲ್ಲೋದು ಆಮೇಲಾಯ್ತು," ಎಂದು ಪವಿತ್ರಾ ಹಕ್ಕಿಯನ್ನು ಗುಡ್ಡದ ಸುತ್ತ ಇನ್ನೊಂದು ಸುತ್ತು ಹಾರಿಸಿದಳು.