ಎರಡು ಸಸಿಗಳ ಎಲೆ

ಮೂರನೆಯ ವಾರದ ಹೊತ್ತಿಗೆ ಗುರುದೇವಿಗೆ ಆ ಕಂಪ್ಯೂಟರನ್ನು ಎತ್ತಿ ಪ್ರಯೋಗಾಲಯದ ಹೊರಗಿನ ತಾರ್ನಾಕದ ರಸ್ತೆಗೆ ಎಸೆಯುವಷ್ಟು ಸಿಟ್ಟು ಬಂದಿತ್ತು. ಕೆಲಸವೇನೋ ಸರಳವೇ: ಕಲಬುರಗಿ ಕಡೆಯ ಒಂದು ನಾಟಿ ಜೋಳದ ಡಿಎನ್‌ಎಯನ್ನು ಯಂತ್ರ ಚೂರುಚೂರಾಗಿ ಓದಿ ಕೊಟ್ಟಿತ್ತು, ಆ ಚೂರುಗಳನ್ನೆಲ್ಲ ಹೊಂದಿಸಿ ಪೂರ್ತಿ ಜೀನೋಮ್ ಕಟ್ಟುವುದು ಅಸೆಂಬ್ಲರ್ ಎಂಬ ತಂತ್ರಾಂಶದ ಪಾಲಿನದು. ಅದು ಎರಡು ದಿನ ಓಡಿ, ಪ್ರತಿ ಸಲವೂ ಜೋಳಕ್ಕೆ ಇರಬೇಕಾದದ್ದರ ಒಂದೂವರೆ ಪಟ್ಟು ಉದ್ದದ ಜೀನೋಮನ್ನು ಕಟ್ಟಿಡುತ್ತಿತ್ತು.

ಸೆಟ್ಟಿಂಗ್ ಬದಲಿಸಿದಳು. ಬೇರೆ ಅಸೆಂಬ್ಲರ್ ತಂದಳು. ನಕಲುಗಳನ್ನು ತೆಗೆಯುವ ಇನ್ನೊಂದು ತಂತ್ರಾಂಶ ಓಡಿಸಿದರೆ ಅದು ಬೇಕಾದ ಜೀನ್‌ಗಳನ್ನೂ ನುಂಗಿ ಕೂತಿತು. ಪ್ರಯೋಗಾಲಯದ ಮುಖ್ಯಸ್ಥೆ ಸತ್ಯಭಾಮಾ ದಿನಾ ಬಾಗಿಲಲ್ಲಿ ನಿಂತು, "ಆಯ್ತಾ?" ಎನ್ನುವರು.

ಕೊನೆಗೆ, ಡಿಎನ್‌ಎ ಚೂರುಗಳ ಎಣಿಕೆ ತೋರಿಸುವ, ಮೊದಲ ದಿನವೇ ಬಂದಿದ್ದ ಒಂದು ನಕ್ಷೆಯನ್ನು ಮತ್ತೆ ತೆರೆದಳು. ಒಂದೇ ಸಸಿಯದಾದರೆ ಒಂದೇ ಶಿಖರ ಇರಬೇಕಾದಲ್ಲಿ ಎರಡಿದ್ದವು. ಅಂದು ತಂತ್ರಾಂಶದ ತರಲೆ ಎಂದು ಮುಚ್ಚಿಬಿಟ್ಟಿದ್ದಳು. ಈಗ ಎದ್ದು ನೇರ ಹಸಿರುಮನೆಗೆ ಹೋದಳು.

ದೇವದುರ್ಗದಿಂದ ಬಂದು ಅಲ್ಲಿ ದಿನಗೂಲಿ ಮಾಡುವ ಹುಸೇನಪ್ಪ ಕುಂಡಗಳಿಗೆ ನೀರು ಬಿಡುತ್ತಿದ್ದ.

"ಹುಸೇನಪ್ಪಣ್ಣ, ಆ ಜ್ವಾಳದ ಎಲಿ ಒಂದ ಸಸಿದು ತಗೊಂಡಿದ್ರಿ ಹೌದಲ್ರಿ?"

"ಒಂದ್ರಾಗ ಸಾಲಲಿಲ್ರಿ ಅಕ್ಕಾರ. ನಳಿಗಿ ತುಂಬಬೇಕು ಅಂದಿದ್ರಿ. ಬಾಜೂ ಸಸಿದು ನಾಕ ಎಲಿ ಹರಿದು ಹಾಕಿನಿ. ಎಲ್ಲಾ ಒಂದ ಜ್ವಾಳ ಅಲ್ಲೇನ್ರಿ? ಯಾಕ್ರಿ, ತಪ್ಪಾತೇನು?"

ನಾಟಿ ಬೀಜದಲ್ಲಿ ಸಸಿಯಿಂದ ಸಸಿಗೆ ವ್ಯತ್ಯಾಸವಿರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ಗುರುದೇವಿಯೇ.

"ನಿಮ್ದಲ್ರಿ ತಪ್ಪು," ಎಂದಳು.

ಸತ್ಯಭಾಮಾ ಕೇಳಿ ಕೆಂಡವಾದರು. "ಎಲೆ ಕಿತ್ತವರು ಯಾರು?"

"ನಾನು ಸರಿಯಾಗಿ ಹೇಳಿರಲಿಲ್ಲ, ಮೇಡಂ. ತಪ್ಪು ನಂದೇ."

"ಡಿಎನ್‌ಎ ಓದುವ ಯಂತ್ರದಲ್ಲಿ ನಮ್ಮ ಸರದಿ ಇನ್ನು ಎರಡು ತಿಂಗಳಿಗೆ. ಗೊತ್ತಲ್ಲ?"

ಗೊತ್ತಿತ್ತು. ಮೂರು ವಾರದ ಫೈಲುಗಳನ್ನು ಗುರುದೇವಿ ಒಂದೊಂದಾಗಿ ಅಳಿಸಿದಳು. ಸಸಿ ಒಂದಲ್ಲ, ಎರಡು ಎಂಬ ನಿಜವನ್ನೇ ತಂತ್ರಾಂಶ ಮೊದಲಿನಿಂದಲೂ ಹೇಳಿತ್ತೆಂಬುದು ಇನ್ನಷ್ಟು ಉರಿಸಿತು. ಮರುದಿನ ಹುಸೇನಪ್ಪನೊಂದಿಗೆ ಕೂತು ಹೊಸ ಬೀಜ ಊರಿದಳು, ಕುಂಡಕ್ಕೆ ಒಂದೇ ಒಂದು.